ಮೊದಲ ಐದು ರೊಟ್ಟಿ

ಅವನು ಒದ್ದದ್ದು ಒಲೆಗೆ. ಕಾದ ತವಾ ಎಗರಿ ನನ್ನ ಎಡಗೈ ಮೇಲೆ ಬಿತ್ತು. ರೊಟ್ಟಿ ಬಡಿಯುವ ಬಲಗೈ ಉಳಿಯಿತು. ಅದನ್ನು ಶಿವನ ಕೃಪೆ ಎಂದೇ ಇಂದಿಗೂ ಎಣಿಸುತ್ತೇನೆ. ತವಾ ಕಿತ್ತು ಬಿಸಾಡಿದಾಗ ಅಂಗೈ ಹಿಂಬದಿಯ ಚರ್ಮ ಅದರ ಜೊತೆಗೇ ಹೋಯಿತು.

ಭಾಲ್ಕಿ ಬಸ್ ಸ್ಟ್ಯಾಂಡಿನ ಮುಂದೆ ರೊಟ್ಟಿ ಮಾರಲು ನಾನು ಹಟಕ್ಕೆ ಬಿದ್ದು ಕೂತವಳಲ್ಲ. ನಮ್ಮ ಯಜಮಾನರು ದುಡಿಯುತ್ತಿದ್ದ ಬೀದರಿನ ಕಾರ್ಖಾನೆ ಮುಚ್ಚಿತು. ಇನ್ನೊಂದು ಕಡೆ ವಾಚ್‌ಮನ್ ಕೆಲಸಕ್ಕೆ ಕರೆದಿದ್ದಾರೆಂದು ಹೋದರು. ಗೇಟಿನ ಮುಂದೆ ಜಾತ್ರೆಯಷ್ಟು ಗಂಡಸರಂತೆ. ಹಿಂದಿನವರು ನೂಕಿದ ರಭಸಕ್ಕೆ ಗೇಟು ಮುಂದಿನವರ ಮೇಲೆ ಬಿತ್ತು, ಮೇಲಿಂದ ಲಾಠಿ ಏಟು ಬಿದ್ದವು. ಇವರು ಕಿವಿ ಹರಿದುಕೊಂಡು ಮನೆಗೆ ಬಂದರು. ಜೇಬಿನಲ್ಲಿದ್ದ ಐಟಿಐ ಸರ್ಟಿಫಿಕೇಟು ರಕ್ತಕ್ಕೆ ಮೆತ್ತಗಾಗಿತ್ತು. ಜೀವ ಉಳಿದಿತ್ತು, ಅದೇ ದೊಡ್ಡದು.

"ಇನ್ನ ನೀವು ಮನಿ ನೋಡ್ಕೋರಿ, ನಾ ರೊಟ್ಟಿ ಮಾರ್ತೇನಿ," ಅಂದೆ. ಅವರು ಮರುದಿನ ಒಲೆಯನ್ನು ತಾವೇ ಹೊತ್ತು ತಂದು ಇಟ್ಟು ಹೋದರು.

ಮೆಹಕರದ ನನ್ನ ತವರಿನಲ್ಲಿ ಒಂದು ಪದ್ಧತಿ ಇದೆ. ತವಾದಿಂದ ಇಳಿದ ಮೊದಲ ಐದು ರೊಟ್ಟಿ ಮನೆಯವರಿಗಲ್ಲ, ಬಾಗಿಲಿಗೆ ಬಂದವರಿಗೆ. ಬಸ್ ಸ್ಟ್ಯಾಂಡಿನಲ್ಲೂ ಅದನ್ನೇ ಮಾಡಿದೆ. ತವಾಕ್ಕೆ ವಿಭೂತಿ ಹಚ್ಚಿ, ಮೊದಲ ಐದನ್ನು ಮೊದಲು ಬಂದವರ ಕೈಗೆ ಇಟ್ಟು, ದುಡ್ಡು ಮುಟ್ಟುತ್ತಿರಲಿಲ್ಲ. ಮನೆಯ ಬಾಗಿಲು ಬೇರೆ, ಬಜಾರದ ಬಾಗಿಲು ಬೇರೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಎದುರು ಮಗ್ಗುಲಲ್ಲಿ ಸಾಯಗಾಂವದ ಹೆಂಗಸೊಬ್ಬಳು ಬಹಳ ಕಾಲದಿಂದ ರೊಟ್ಟಿ, ಕಡಲೆಹಿಟ್ಟಿನ ಝುಣಕ ಮಾರುತ್ತಿದ್ದಳು. ಕುರಿ ಕಾಯುವ ಮನೆತನದವಳು, ಗಂಡನಿಲ್ಲ. ಒಂದು ದಿನ ಅಲ್ಲಿಂದಲೇ ಕೂಗಿದಳು:

"ಏನ್ ತಂಗಿ, ದಿನಾ ಯಾವ ಅಳಿಯಗ ಊಟ ಹಾಕ್ಲತ್ತಿ?"

"ಅಳಿಯ ಅಲ್ಲರಿ ಅಕ್ಕ, ದೇವರ ಪಾಲು."

"ನಿನ್ನ ದೇವರು ಬರೋಬ್ಬರಿ ನನ್ನ ಗಿರಾಕಿ ಬರೂ ಹೊತ್ತಿಗೇ ಉಣ್ಲಾಕ ಬರ್ತಾನ ನೋಡು."

ನಾನು ನಕ್ಕೆ. ಅವಳು ನಗಲಿಲ್ಲ. ಮರುದಿನ ಬೆಳಿಗ್ಗೆ ಅವಳ ತಮ್ಮ ಬಂದ.

ಒಲೆ ಒದ್ದವನು ಹಿಟ್ಟಿನ ಪರಾತವನ್ನು ಮೋರಿಗೆ ಎಸೆದ. ನಾನು ಇಕ್ಕಳ ಎತ್ತಿ ಅವನ ಮುಖಕ್ಕೆ ಹೊಡೆದೆ. ಹುಬ್ಬು ಸೀಳಿತು. ಅವನ ಅಕ್ಕ ಓಡಿ ಬಂದು ನನ್ನ ಜಡೆ ಹಿಡಿದು ನೆಲಕ್ಕೆ ಕೆಡವಿದಳು. ಬಾಯಿಗೆ ಸಿಕ್ಕ ಅವಳ ಮೊಣಕೈಯನ್ನು ನಾನು ಕಚ್ಚಿದೆ. ನಾನು ಕೊಟ್ಟ ಪುಕ್ಕಟೆ ರೊಟ್ಟಿ ತಿನ್ನುತ್ತಿದ್ದ ಕಂಡಕ್ಟರ್ ಧೂಳು ಬೀಳದ ಹಾಗೆ ಸ್ವಲ್ಪ ಆ ಕಡೆ ಸರಿದು ನಿಂತು ತಿನ್ನುವುದನ್ನು ಮುಂದುವರಿಸಿದ. ಕೊನೆಗೆ ಹಣ್ಣಿನ ಗಾಡಿಯವರು ಬಂದು ಬಿಡಿಸಿದರು. ನಮ್ಮ ಮಗಳು ಆಗ ಶಾಲೆಯಲ್ಲಿದ್ದಳು, ತಾಯಿ ಬೀದಿಯಲ್ಲಿ ಬಿದ್ದದ್ದನ್ನು ನೋಡಲಿಲ್ಲ. ಅದೂ ಒಂದು ಕೃಪೆ.

ಮನೆಯಲ್ಲಿ ಯಜಮಾನರು ಕೈಗೆ ಮುಲಾಮು ಹಚ್ಚುತ್ತ ಹೇಳಿದರು: "ಔರಾದಕ್ಕ ಹೋಗಮು. ಅಲ್ಲಿ ನಮ್ಮ ಗುರ್ತು ಯಾರಿಗೂ ಇಲ್ಲ."

"ಅಲ್ಲೂ ಯಾರೋ ಒಬ್ಬಾಕಿ ಒಲಿ ಹಚ್ಚಿ ಕುಂತಿರ್ತಾಳ್ರಿ. ಆಕಿಗೂ ತಮ್ಮ ಇರ್ತಾನ."

ಜಾಗ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಆ ಭಯ ಸುಟ್ಟ ಕೈಗಿಂತ ಹೆಚ್ಚು ಉರಿಯುತ್ತಿತ್ತು. ಗಾಯ ಒಣಗುವ ಮೊದಲೇ, ಕೈಗೆ ಬಟ್ಟೆ ಸುತ್ತಿಕೊಂಡು, ಲಿಂಗಪೂಜೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋದೆ. ನನ್ನ ಜಾಗಕ್ಕೆ ಹೋಗಲಿಲ್ಲ, ಅವಳ ಒಲೆಯ ಮುಂದೆಯೇ ಕೂತೆ. ಅವಳ ಮೊಣಕೈ ಮೇಲೆ ನನ್ನ ಹಲ್ಲಿನ ಗುರುತು ನೀಲಿಗಟ್ಟಿತ್ತು.

"ಮತ್ತ ಕಚ್ಚಲಾಕ ಬಂದ್ಯೇನು?" ಅಂದಳು.

"ಇಲ್ಲರಿ. ಕೇಳ್ಲಾಕ ಬಂದೇನಿ. ನಾ ದೇವರ ಪಾಲು ಬಿಡಾಕಿ ಅಲ್ಲ. ಜಾಗಾನೂ ಬಿಡಾಕಿ ಅಲ್ಲ. ನೀವು ಏನಂತೀರಿ?"

ಅವಳು ರೊಟ್ಟಿ ತಿರುವಿ ಹಾಕಿದಳು. "ಮೊದಲ ಬರಾವ ಯಾರು? ಕಂಡಕ್ಟರ. ಅವಗ ಪಗಾರ ಅದ. ನನ್ನ ಕಡಿ ರೊಕ್ಕ ಕೊಟ್ಟು ತಿಂತಿದ್ದಾವಗ ನೀ ಪುಕ್ಕಟ ಹಾಕಿದಿ. ಇದ್ಯಾವ ಧರ್ಮ ತಂಗಿ?"

ಅವಳು ಗದ್ದ ಎತ್ತಿ ರಸ್ತೆಯ ಆಚೆ ತೋರಿಸಿದಳು. ದಿನಗೂಲಿಯವರು ಕೆಲಸಕ್ಕೆ ಕಾಯುವ ಕೂಲಿ ನಾಕಾದಲ್ಲಿ, ಟೆಂಪೋಗಳೆಲ್ಲ ಆಳು ತುಂಬಿಕೊಂಡು ಹೋದ ಮೇಲೆ, ಯಾರೂ ಕರೆಯದೆ ಉಳಿದವರು ಗೋಡೆಗೆ ಒರಗಿ ಕೂತಿದ್ದರು.

"ಮೊದಲಿನ ಐದು ತೆಗದಿಡು. ಹೊತ್ತೇರಿದ ಮ್ಯಾಲ ಅವ್ರಿಗಿ ಕೊಡು. ಅವ್ರು ನಿನ್ನ ಗಿರಾಕಿನೂ ಅಲ್ಲ, ನನ್ನ ಗಿರಾಕಿನೂ ಅಲ್ಲ."

"ನಿಮ್ಮ ತಮ್ಮ?"

"ಅವನ ಹುಬ್ಬಿಗಿ ಹೊಲಿಗಿ ಹಾಕ್ಯಾರ. ಅದು ಬಿಚ್ಚೂತನಕ ಸುಮ್ಮ ಇರ್ತಾನ. ಆಮ್ಯಾಲಿಂದು ನಾ ನೋಡ್ಕೋತೇನಿ."

ಅಂದೇ ಒಲೆ ಹೂಡಿದೆ. ತವಾದಿಂದ ಇಳಿದ ಮೊದಲ ಐದನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಬಿಸಿಲೇರಿದ ಮೇಲೆ ನಾಕಾದವರನ್ನು ಕೈ ಮಾಡಿ ಕರೆದೆ. ಎಲ್ಲರೂ ಒಮ್ಮೆಲೇ ಎದ್ದು ಬಂದರು. ಕೈಗಳು ನುಗ್ಗಿದವು, ಒಬ್ಬನ ಮೊಣಕೈ ಇನ್ನೊಬ್ಬನ ಬಾಯಿಗೆ ಬಡಿಯಿತು, ತುಟಿ ಒಡೆಯಿತು. ಬಿದ್ದವನ ಎದೆಯ ಮೇಲೆ ಕೂತು ಒಬ್ಬ ಅವನ ಮುಷ್ಟಿ ಬಿಡಿಸುತ್ತಿದ್ದ, ಒಳಗಿದ್ದ ಅರ್ಧ ರೊಟ್ಟಿಗಾಗಿ. ಇವರೆಲ್ಲ ಮಕ್ಕಳೊಂದಿಗರು.

"ಕುಂದುರ್ರಿ," ಅಂದೆ. "ಕುಂತವ್ರಿಗಷ್ಟೇ ರೊಟ್ಟಿ."

ಒಬ್ಬೊಬ್ಬರಾಗಿ ಕೂತರು. ಉಳಿದದ್ದನ್ನು ತುಂಡು ಮಾಡಿ ಹಂಚಿದೆ. ತುಟಿ ಒಡೆದವನು ರಕ್ತ ಹತ್ತಿದ ತುಂಡನ್ನು ಒರೆಸದೆ ಹಾಗೇ ತಿಂದ. ಅವನಿಗೆ ನೀರು ಕೊಟ್ಟೆ.

ಮಧ್ಯಾಹ್ನ ಲಾತೂರಿನ ಬಸ್ಸು ಬಂತು. ಇಳಿದವರು ಅಭ್ಯಾಸದಂತೆ ಎದುರಿನವಳ ಕಡೆಗೇ ನಡೆದರು. ಅವಳು ಖಾಲಿ ಬುಟ್ಟಿ ಮಗುಚಿ ತೋರಿಸಿದಳು.

"ನಂದು ತೀರ್ಯಾವ್ರಿ. ಆ ಕೈ ಸುಟ್ಟಾಕಿ ಕಡಿ ಹೋಗ್ರಿ, ಮೆತ್ತಗ ಬಡಿತಾಳ."