ಗೋಡೆಯ ಕಡೆ ತಿರುಗಿದ ಕ್ಯಾಮೆರಾ

ಗದಗಿನ ಕಾಲೇಜೊಂದರಲ್ಲಿ ಪ್ರಯೋಗಾತ್ಮಕ ಸಿನಿಮಾ ತೋರಿಸುತ್ತಾರೆಂದು ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿ ಹೋಗಿದ್ದೆ. ಬರೀ ಗೋಡೆ, ಖಾಲಿ ಮೆಟ್ಟಿಲು, ಮತ್ತೆ ಗೋಡೆ. ಕಥೆಯಿಲ್ಲ, ಮನುಷ್ಯರಿಲ್ಲ. ಹಿಂದಿನ ಸಾಲಿನವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ನನಗೂ ರೇಗಿತ್ತು, ಇಡೀ ಮಧ್ಯಾಹ್ನ ಹಾಳಾಯಿತಲ್ಲ ಎಂದು ಹಲ್ಲು ಕಚ್ಚಿ ಕೂತಿದ್ದೆ.

ಕೊನೆಗೆ ಅಲ್ಲಿನ ಪ್ರಾಧ್ಯಾಪಕರು ಎದ್ದು ನಿಂತು ವಿವರಿಸಿದರು. ಇಂಥ ಚಿತ್ರದಲ್ಲಿ ಕ್ಯಾಮೆರಾ ಏನನ್ನು ನೋಡಿತು ಎಂಬುದಷ್ಟೇ ಮುಖ್ಯವಲ್ಲ, ಯಾವುದರಿಂದ ಮುಖ ತಿರುಗಿಸಿತು ಎಂಬುದೂ ಮುಖ್ಯ. ಚೌಕಟ್ಟಿನ ಹೊರಗೆ ಉಳಿದದ್ದಕ್ಕೆ ಅರ್ಥ ತುಂಬಬೇಕಾದವರು ನೋಡುವವರೇ ಎಂದರು. ದೊಡ್ಡ ಮಾತು ಎಂದು ಒಳಗೊಳಗೇ ನಕ್ಕೆ. ವಾಪಸ್ ಬರುವಾಗ ಬಸ್ಸಿನಲ್ಲಿ ಆ ನಗು ನಿಂತುಹೋಯಿತು. ನನ್ನ ಮದುವೆಯ ಕ್ಯಾಸೆಟ್ ನೆನಪಾಗಿತ್ತು.

ಗದಗ ಜಿಲ್ಲೆಯಾದ ಹೊಸತರಲ್ಲಿ ನನ್ನ ಮದುವೆ. ವಿಡಿಯೊ ತೆಗೆಸುವುದು ನನ್ನ ತಾಯಿ ಅಮ್ಮಿಗೆ ಸುತರಾಂ ಹಿಡಿಸಿರಲಿಲ್ಲ. ವಿಡಿಯೊದವರನ್ನು ಬಾಗಿಲಲ್ಲೇ ತಡೆದಿದ್ದಳು. "ನೋಡ್ರಿ, ನಾ ಬಂದಾಗೆಲ್ಲಾ ಕ್ಯಾಮೆರಾ ಆ ಕಡೆ ತಿರುಗಸ್ಬೇಕು. ನನ್ನ ಮಾರಿ ಯಾರ್ಯಾರ ಮನ್ಯಾಗೋ ಯಾಕ ಅಡ್ಡಾಡಬೇಕು?"

"ಆತ್ರಿ ಅಕ್ಕಾರ," ಎಂದಿದ್ದರು ಅವರು. ಕೊಟ್ಟ ಮಾತು ಉಳಿಸಿಕೊಂಡರು.

ಅಮ್ಮಿ ತೀರಿಹೋದ ಮೇಲೆ ಅವಳ ಮುಖ ನನ್ನ ನೆನಪಿನಲ್ಲಿ ಮಾಸುತ್ತ ಬಂತು. ನನಗೆ ಅದೇ ಭಯ. ಮತದಾರರ ಗುರುತಿನ ಚೀಟಿಯ ಮೇಲಿರುವ ಗಾಬರಿಬಿದ್ದ ಹೆಂಗಸು ಅಮ್ಮಿ ಅಲ್ಲವೇ ಅಲ್ಲ. ಬೇರೆ ಫೋಟೋ ಇಲ್ಲ.

ಮರುದಿನ ಕ್ಯಾಸೆಟ್ ಹಿಡಿದು ಅದೇ ವಿಡಿಯೊದವರ ಅಂಗಡಿಗೆ ಹೋದೆ, ಸಿಡಿ ಮಾಡಿಸಲು. ಅವರು ಟಿವಿಗೆ ಹಾಕಿದರು. ಮಾತುಗಳನ್ನೆಲ್ಲ ಅಳಿಸಿ ಮೇಲೆ ಹಾಡು ಕೂಡಿಸಿದ್ದರು, ಹಾಗಾಗಿ ಅಮ್ಮಿಯ ದನಿಯೂ ಇಲ್ಲ. ನನಗೆ ಮೆಹಂದಿ ಹಚ್ಚುವಾಗ ಕ್ಯಾಮೆರಾ ತಟ್ಟನೆ ಮಾಳಿಗೆಯತ್ತ ಹೊರಳಿತು. ಅಮ್ಮಿ ಬಂದಳು. ಶರಬತ್ತು ಹಂಚುವಾಗ ಕಿಟಕಿಗೆ ಹೊರಳಿತು. ಮತ್ತೆ ಬಂದಳು. ಯಾರ ಮನೆಯಲ್ಲೂ ಅಡ್ಡಾಡಲೊಲ್ಲೆ ಎಂದವಳು ಆ ಪುಟ್ಟ ಅಂಗಡಿಯ ತುಂಬ ಅಡ್ಡಾಡುತ್ತಿದ್ದಳು, ಒಮ್ಮೆಯೂ ಕಾಣಿಸಿಕೊಳ್ಳದೆ.

ಕೊನೆಗೆ ನನ್ನನ್ನು ಗಂಡನ ಮನೆಗೆ ಕಳಿಸುವ ಹೊತ್ತು. ಕ್ಯಾಮೆರಾ ಪಡಸಾಲೆಯ ಗೋಡೆಗೆ ತಿರುಗಿ ಅಲ್ಲೇ ನಿಂತುಬಿಟ್ಟಿತು. ಸುಣ್ಣ, ಒಂದು ಮೊಳೆ, ಮೊಳೆಗೆ ತೂಗಿದ ಕೈಚೀಲ. ಬಹಳ ಹೊತ್ತು ಅಷ್ಟೇ.

"ಇದು ವೇಸ್ಟ್ ಐತಿ ತಂಗಿ. ಆಗ ನಮ್ಮ ಕಡೆ ಕಟ್ ಮಾಡೋ ಮಷಿನ್ ಇರಲಿಲ್ಲ, ಈಗ ತಗೀಬಹುದು. ತಗೀಲೇನು?"

"ಬ್ಯಾಡ್ರಿ," ಅಂದೆ. "ಇರ್ಲಿ ಬಿಡ್ರಿ."

ಮದುಮಗಳು ನಾನು, ಇಡೀ ಕ್ಯಾಸೆಟ್ಟಿನಲ್ಲಿ ಕ್ಷಣಹೊತ್ತು ಅತ್ತಿತ್ತ ಹೊರಳಿದ್ದು ಬಿಟ್ಟರೆ ಕ್ಯಾಮೆರಾ ನನ್ನ ಬೆನ್ನು ಬಿಟ್ಟಿರಲಿಲ್ಲ. ಗೋಡೆ ಕಾಣುವಷ್ಟು ಹೊತ್ತು ಮಾತ್ರ ನಾನೂ ಅದರಲ್ಲಿಲ್ಲ. ಅಮ್ಮಿ ನನ್ನನ್ನು ತಬ್ಬಿಕೊಂಡಿದ್ದಳು.