ಕಾಶೀಬಾಯಿ ಕಾದಿಟ್ಟ ಹಳದಿ ಜೀವ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಖ್ತಲದ ಶಾಲೆಯೊಂದರ ಹಿಂಬದಿಯ ಕೋಣೆಯಲ್ಲಿ ಕಾಶೀಬಾಯಿ ಮಿಂದ ಒದ್ದೆಯಲ್ಲೇ ಕಪಾಟಿನ ಮುಂದೆ ಕುಳಿತಿದ್ದಾರೆ. ಪಕ್ಕದಲ್ಲಿ ಕುದಿಸಿ ಆರಿಸಿದ ನೀರಿನ ತಂಬಿಗೆ. ಮುಚ್ಚಳವಿರುವ ಗಾಜಿನ ತಟ್ಟೆಯೊಂದನ್ನು ಎರಡೂ ಕೈಯಿಂದ ಹೊರತೆಗೆದು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ.

"ತಾಯಣ್ಣ, ಹಸರು ಏನರ ಕಾಣಸ್ತದೇನೋ?"

ಚಪ್ರಾಸಿ ತಾಯಣ್ಣ ಕಸಬರಿಗೆ ಬದಿಗಿಟ್ಟು ಬಗ್ಗಿ ನೋಡುತ್ತಾನೆ. "ಇಲ್ರೀ ಬಾಯೇರ, ಬರೇ ಹಳದಿ ಐತಿ. ಉಂಡು ಮಲಗಿದ ನಮ್ಮ ಸೊಸಿ ಹಾಂಗ ಆರಾಮ ಐತಿ."

"ನಿನ್ನ ಸೊಸಿ ಸುದ್ದಿ ಮನ್ಯಾಗ ಹೇಳು. ಅಂಚು ನೋಡು, ಅಂಚು."

ತಟ್ಟೆಯೊಳಗಿನ ಒದ್ದೆ ಕಾಗದದ ಮೇಲೆ ಹಳದಿ ಲೋಳೆಯೊಂದು ಎಲೆಯ ನರಗಳಂತೆ ಹರಡಿಕೊಂಡಿದೆ. ಲೋಳೆಬೂಷ್ಟು ಎಂದು ಇದರ ಹೆಸರು. ಮಳೆ ಬಿದ್ದಾಗ ಕೊಳೆತ ಮರದ ಮೇಲೆ ಕಾಣಿಸಿಕೊಳ್ಳುತ್ತದೆ. ಊರ ಜನ ನಾಯಿ ಕಕ್ಕಿದ್ದೆಂದು ದಾಟಿಕೊಂಡು ಹೋಗುತ್ತಾರೆ. ಇದು ಗಿಡವಲ್ಲ, ಪ್ರಾಣಿಯೂ ಅಲ್ಲ. ಕಾಲಿಲ್ಲದೆ ತೆವಳುತ್ತದೆ, ಬಾಯಿಲ್ಲದೆ ಜೋಳದ ನುಚ್ಚು ತಿನ್ನುತ್ತದೆ. ಬೆಳೆಸುವುದೇನೂ ಕಷ್ಟವಲ್ಲ, ಬೇರೆ ಬೂಷ್ಟು ತಗಲದಂತೆ ಕಾಯುವುದೇ ಕಷ್ಟ. ನುಚ್ಚು ಒಂದು ಚಿಟಿಕೆ ಹೆಚ್ಚಾದರೂ ಹಸಿರು ಬೂಷ್ಟು ಹತ್ತಿ ಇದನ್ನು ನುಂಗಿಬಿಡುತ್ತದೆ.

ಕಾಶೀಬಾಯಿ ನಾರಾಯಣಪೇಟೆಯ ಅರ್ಚಕರ ಮಗಳು. ಚಿಕ್ಕಂದಿನಲ್ಲೇ ಗಂಡ ತೀರಿಕೊಂಡ. ಆಸರೆಯಾಗಿದ್ದ ಅಣ್ಣನೂ ಹೋದ ಮೇಲೆ ಈ ಶಾಲೆಯಲ್ಲಿ ಮಕ್ಕಳಿಗೆ ಕುಡಿಯುವ ನೀರು ಕೊಡುವ ಕೆಲಸಕ್ಕೆ ಸೇರಿದರು. ಅವರ ಮಡಿ, ತೊಳೆದ ಕೈಯನ್ನು ಮತ್ತೆ ತೊಳೆಯುವ ಅವರ ಅಭ್ಯಾಸ ವಿಜ್ಞಾನದ ಹಬೀಬುಲ್ಲಾ ಮಾಸ್ತರರ ಕಣ್ಣಿಗೆ ಬಿತ್ತು. ಮಕ್ಕಳಿಗೆ ತೋರಿಸಲೆಂದು ತಾವು ಬೆಳೆಸುತ್ತಿದ್ದ ಲೋಳೆಬೂಷ್ಟಿನ ತಟ್ಟೆಗಳನ್ನು ಅವರಿಗೇ ಒಪ್ಪಿಸಿದರು.

"ಅವರ ಮನಿ ನೀರು ನಾ ಒಂದು ದಿನಾ ಕುಡೀಲಿಲ್ಲ. ನನ್ನ ಕೈನೀರು ಅವರು ದಿನಾ ಕುಡೀತಿದ್ರು," ಎನ್ನುತ್ತಾರೆ ಕಾಶೀಬಾಯಿ. "ನಿಮ್ಮ ಮಡಿ ನನ್ನ ಕೆಲಸಕ್ಕ ಬೇಕು ನೋಡ್ರಿ ಅಂತ ನಗತಿದ್ರು. ಮಗಳು ಜೈನಬ್ ಶಾಲಿಗೆ ಬಂದಕೂಡ್ಲೇ ಇಲ್ಲಿಗೇ ಓಡಿ ಬರ್ತಿತ್ತು. ಇವತ್ತ ಲೋಳಿ ಯಾವ ಕಡೆ ಹೊಂಟದ ಅಂತ ನೋಡ್ಲಿಕ್ಕೆ."

ನಾಲ್ಕು ವರ್ಷದ ಹಿಂದೆ, ಭಾದ್ರಪದದಲ್ಲಿ, ನಿಜಾಮನ ರಾಜ್ಯಕ್ಕೆ ಭಾರತದ ಸೇನೆ ನುಗ್ಗಿ ಪೊಲೀಸ್ ಆಕ್ಷನ್ ಆಯಿತು. ಅದುವರೆಗೆ ನಿಜಾಮನ ಕಡೆಯ ರಜಾಕಾರರಿಗೆ ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದ ಊರಲ್ಲಿ ಆ ವಾರ ಹೆದರುವ ಸರದಿ ಮುಸಲ್ಮಾನರದಾಯಿತು. ಮಾಸ್ತರರು ಹೆಂಡತಿ ಮಗಳನ್ನು ಹೈದರಾಬಾದಿನ ಕಡೆ ಹೊರಟ ಗಾಡಿಗೆ ಹತ್ತಿಸಿ, ಶಾಲೆಯ ಬೀಗದ ಕೈ ಒಪ್ಪಿಸಿ ಬರುತ್ತೇನೆಂದು ತಾವು ಹಿಂದೆ ಉಳಿದರು. ಗದ್ವಾಲದ ದಾರಿಯಲ್ಲಿ ಅವರನ್ನು ಕೊಂದರು. ಕೊಂದದ್ದನ್ನು ಕಂಡವರಿದ್ದಾರೆ. ಹೆಣ ಏನಾಯಿತೆಂದು ಹೇಳುವವರಿಲ್ಲ. ಅವರ ಮನೆ ಸುಟ್ಟಿತು, ಪುಸ್ತಕಗಳೂ ಸುಟ್ಟವು. ಗುಂಪು ಶಾಲೆಗೂ ನುಗ್ಗಿತು. ಒಂದೇ ಒಂದು ತಟ್ಟೆ ಉಳಿಯಿತು.

ಮುಂದಿನದನ್ನು ತಾಯಣ್ಣನ ಬಾಯಲ್ಲೇ ಕೇಳಬೇಕು. "ಕಂಡಕಂಡವ್ರು ಕ್ವಾಣಿ ಹೊಕ್ಕು ಮೈಲಿಗಿ ಮಾಡ್ಯಾರ ಅಂತ ಬಾಯೇರು ಎಲ್ಲಾ ಕಡಿ ಗೋಮೂತ್ರ ಚಿಮುಕಿಸಿದ್ರು ರೀ. ತಟ್ಟಿಗೂ ಚಿಮುಕಿಸಿದ್ರು! ಮೂರನೇ ದಿನಕ್ಕ ನೋಡ್ತೀವಿ, ಹಸರು ಬೂಷ್ಟು, ಕರೀ ಬೂಷ್ಟು, ಬರೇ ಗಬ್ಬು."

ಕಾಶೀಬಾಯಿ ನಗುವುದಿಲ್ಲ. "ಶುದ್ಧ ಮಾಡ್ತೀನಂತ ಹೋಗಿ ನಾನೇ ಕೊಲ್ಲತಿದ್ದೆ. ಮಾಸ್ತರು ಹೇಳಿದ್ದು ಆಮೇಲೆ ನೆನಪಾತು. ಹೊಲಸು ಇದ್ದಲ್ಲಿ ಅದು ನಿಲ್ಲಂಗಿಲ್ಲ, ತಾನೇ ಮುಂದ ಸರೀತದ ಅಂತಿದ್ರು."

ತಟ್ಟೆಗೆ ತಾಗಿಸಿ ಹೊಸ ಒದ್ದೆ ಕಾಗದ ಇಟ್ಟರು. ಉಳಿದಿದ್ದ ಹಳದಿ ಎಳೆಯೊಂದು ಬೂಷ್ಟನ್ನು ಹಿಂದೆ ಬಿಟ್ಟು ಕಾಗದಕ್ಕೆ ತೆವಳಿತು. ಅದರ ಮುಂದಿನ ತುದಿಯನ್ನಷ್ಟೇ ಕತ್ತರಿಸಿ ಮತ್ತೊಂದು ಕಾಗದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ದಾಟಿಸಿದರು. ಶುದ್ಧ ಹಳದಿ ಬರುವವರೆಗೆ ಹಾಗೇ ಮಾಡಿದರು. ಇಂದು ಕಪಾಟಿನಲ್ಲಿರುವುದೆಲ್ಲ ಆ ಒಂದು ಎಳೆಯ ಸಂತಾನ.

ಈಗ ಅವರ ಎರಡೂ ಕಣ್ಣಿಗೆ ಮೋತಿಬಿಂದು ಬಂದು ಪೊರೆ ಕಟ್ಟಿದೆ. ಹಸಿರು ಯಾವುದು, ಹಳದಿ ಯಾವುದು ತಿಳಿಯುವುದಿಲ್ಲ. ಹೈದರಾಬಾದಿಗೆ ಹೊರಟವರು ಸಿಕ್ಕರೆ ಜೈನಬಳನ್ನು ವಿಚಾರಿಸಿ ಬರಲು ಹೇಳುತ್ತಾರೆ. ತಾಯಿ ಮಗಳು ಅಲ್ಲೇ ಇದ್ದಾರೆಂದು ಒಬ್ಬರು, ಕರಾಚಿಗೆ ಹೋದರೆಂದು ಇನ್ನೊಬ್ಬರು. ತಾಯಣ್ಣನಿಗೆ ಈ ಆಸೆ ಹಿಡಿಸುವುದಿಲ್ಲ.

"ಸಮುದ್ರ ದಾಟಿ ಹೋದವ್ರು ಈ ಲೋಳಿ ನೋಡಾಕ ಬರ್ತಾರೇನ್ರೀ ಬಾಯೇರ? ನಿಮ್ಮ ಕಣ್ಣು ಹೋದ ಮ್ಯಾಲ ಇದನ್ನ ಯಾರು ನೋಡೂರು?"

"ನೀ ಇದ್ದೀಯಲ್ಲ. ಬೈಕೋತ ನೋಡು."

ತಾಯಣ್ಣ ಕಸಬರಿಗೆ ಎತ್ತಿಕೊಳ್ಳುತ್ತಾನೆ. ಕಾಶೀಬಾಯಿ ಬೆರಳ ತುದಿಯಲ್ಲಿ ನೀರು ಹನಿಸಿ ಮುಚ್ಚಳ ಹಾಕುತ್ತಾರೆ.

"ಅವರಪ್ಪನ ಮನಿ ಉಳೀಲಿಲ್ಲ, ಪುಸ್ತಕ ಉಳೀಲಿಲ್ಲ. ಗೋರಿ ಎಲ್ಲದ ಅಂತ ತೋರಸ್ಲಿಕ್ಕೂ ನನ್ನ ಕಡಿಂದ ಆಗಂಗಿಲ್ಲ. ಆ ಕೂಸು ಎಂದರ ಒಂದಿನ ಬಂದು, ನಮ್ಮಬ್ಬಾಂದು ಏನರ ಉಳದದೇನು ಅಂತ ಕೇಳಿದ್ರ, ಹೌದವಾ, ಜೀವಂತ ಅದ, ತಗೋ ಅಂತ ಕೈಯಾಗ ಇಡಬೇಕು ನೋಡು. ಅಷ್ಟ."