ಸರೋಜಕ್ಕನ ಬಾಚಣಿಗೆ, ನನ್ನ ತೆನೆ

ಚಿಕ್ಕಮಗಳೂರು ಕಡೆಯ ಮಲ್ಲಂದೂರಿಗೆ ಬಂದ ಮೊದಲ ಮಳೆಗಾಲದಲ್ಲೇ ನನ್ನ ಲಗ್ನಪತ್ರಿಕೆಗೆ ಗಡ್ಡ ಬಂತು. ತಮಾಷೆಗೆ ಹೇಳುತ್ತಿಲ್ಲ. ಹಂಚಿ ಉಳಿದ ಪತ್ರಿಕೆಗಳ ಒಂದು ಕಟ್ಟನ್ನು ಗದಗಿನಿಂದ ಬರುವಾಗ ಟ್ರಂಕಿನ ತಳದಲ್ಲಿಟ್ಟು ತಂದಿದ್ದೆ. ಒಂದು ದಿನ ತೆಗೆದು ನೋಡಿದರೆ ನನ್ನ ಹೆಸರಿನ ಮೇಲೂ ಗಂಡನ ಹೆಸರಿನ ಮೇಲೂ ಬಿಳಿ ಬೂಸು ನವಿರಾಗಿ ಎದ್ದು ನಿಂತಿತ್ತು. ನಮ್ಮಲ್ಲಿ ಕಾಗದ ಹಳೆಯದಾದರೆ ಹಪ್ಪಳದ ಹಾಗೆ ಮುರಿಯುತ್ತದೆ. ಇಲ್ಲಿ ಅದು ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋತುಬಿತ್ತು. ನಾನು ಅಲ್ಲೇ ಕೂತು ಅತ್ತೆ.

ಗದಗಿಗೆ ಬಂದಾಗಲೆಲ್ಲ ತವರಿನವರಾದ ನೀವು ಕೇಳುವುದು ಒಂದೇ ಮಾತು. ‘ಅಲ್ಲಿ ತಂಪು, ಹಸಿರು, ಕುಡಿಯಾಕ ಕಾಫಿ. ನಿನಗೇನವ್ವಾ ಕಡಿಮಿ?’ ಕಡಿಮೆ ಏನು, ಹೆಚ್ಚು ಏನು ಎಂದು ಈಗ ಬರೆಯುತ್ತೇನೆ, ಓದಿ. ಓದಿದ ಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿದರೆ ನಾನು ಉತ್ತರ ಕೊಡುವವಳಲ್ಲ.

ನನ್ನ ಗಂಡ ಬಸಣ್ಣ ಮೆಕ್ಯಾನಿಕ್ಕು. ತೊಂಬತ್ತರ ದಶಕದ ನಡುವೆ ಇಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಪಲ್ಪರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ವಾಸಕ್ಕೆ ಲೈನಿನಲ್ಲಿ ಒಂದು ಮನೆ ಕೊಟ್ಟರು. ನಮ್ಮ ಕಡೆ ಲೈನು ಎಂದರೆ ಸೀಮೆಎಣ್ಣೆಗೆ ಡಬ್ಬಿ ಹಿಡಿದು ನಿಲ್ಲುವುದು. ಇಲ್ಲಿ ಒಂದಕ್ಕೊಂದು ಗೋಡೆ ಅಂಟಿಕೊಂಡ ಕೂಲಿಯವರ ಸಾಲು ಮನೆಗಳಿಗೆ ಲೈನು ಎನ್ನುತ್ತಾರೆ. ಲೆಕ್ಕ ಬರೆಯುವ ಗುಮಾಸ್ತನಿಗೆ ರೈಟರ್ ಎನ್ನುತ್ತಾರೆ. ರೈಟರ್ ಶಿವಣ್ಣನವರನ್ನು ಮೊದಲ ಸಲ ಪರಿಚಯ ಮಾಡಿಸಿದಾಗ ‘ಏನು ಬರೀತೀರಿ, ಕಥಿಯೋ ಕಾದಂಬರಿಯೋ?’ ಎಂದು ಕೇಳಿ ಇಡೀ ಲೈನಿಗೆ ನಗೆಪಾಟಲಾದೆ.

ಮಾತಾಡಿದರೆ ನಗುತ್ತಿದ್ದರು. ನಾನು ರೊಟ್ಟಿ ಬಡಿದರೆ ಪಕ್ಕದ ಮನೆಯ ಮಗು ಬೆಚ್ಚಿ ಅಳುತ್ತಿತ್ತು. ಜೋಳದ ಹಿಟ್ಟಿಗೆ ಚಿಕ್ಕಮಗಳೂರಿನ ಸಂತೆಗೇ ಹೋಗಬೇಕು, ಸಿಕ್ಕರೂ ಮುಗ್ಗು. ಆದರೂ ನಾನು ಬಡಿಯುವುದು ಬಿಡಲಿಲ್ಲ. ಮಗುವೇ ರೂಢಿ ಮಾಡಿಕೊಂಡಿತು.

ಆ ಮಗುವಿನ ಅಜ್ಜಿಯೇ ಸರೋಜಕ್ಕ. ಕಳಸದ ಕಡೆಯಿಂದ ಬಂದು ಈ ಎಸ್ಟೇಟಿನಲ್ಲೇ ತಲೆ ನರೆಸಿಕೊಂಡ, ಹಣ್ಣು ಕುಯ್ಯುವ ಹೆಂಗಸು. ನಾನು ಬೂಸಿನ ಪತ್ರಿಕೆ ಹಿಡಿದು ಅಳುತ್ತಿದ್ದಾಗ ಒಳಗೆ ಬಂದವಳೇ ಕಟ್ಟನ್ನು ಕಿತ್ತುಕೊಂಡಳು.

“ಎಂತ ಮಾರಾಯ್ತಿ, ಪೇಪರಿಗೆಲ್ಲ ಅಳ್ತಾರಾ? ಟ್ರಂಕಲ್ಲಿಟ್ರೆ ಇನ್ನೆಂತ ಆಗ್ತದೆ? ಒಲೆ ಮೇಲೆ ಕಟ್ಟು, ಹೊಗೆ ತಾಗ್ಲಿ.”

“ಕರ್ರಗ ಆಗತಾವಲ್ಲ, ಅಕ್ಕಾ.”

“ಆಗ್ಲಿ. ಇರ್ತದಲ್ಲ!”

ಆಕೆಯೇ ಹಗ್ಗ ಕಟ್ಟಿ ಒಂದೊಂದೇ ಪತ್ರಿಕೆಯನ್ನು ಒಲೆಯ ಮೇಲೆ ನೇತುಹಾಕಿದಳು. ನಮ್ಮಲ್ಲಿ ಏನಿದ್ದರೂ ಬಿಸಿಲಿಗೆ ಹಾಕುತ್ತೇವೆ, ಇಲ್ಲಿ ಹೊಗೆಗೆ. ವಾರ ಕಳೆಯುವಷ್ಟರಲ್ಲಿ ಪತ್ರಿಕೆಗಳು ಗಟ್ಟಿಯಾಗಿ, ಚಹಾದ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹಿತವೆನಿಸುವಂತಾದವು. ಅವನ್ನು ನೋಡುತ್ತಲೇ ನನ್ನ ಕೈ ಕಡಿಯತೊಡಗಿತು.

ಕೈ ಕಡಿಯಲು ಕಾರಣವಿದೆ. ಗದಗಿನಲ್ಲಿ ನಮ್ಮ ಅಪ್ಪನದು ರಬ್ಬರ್ ಸ್ಟ್ಯಾಂಪಿನ ಅಂಗಡಿ. ‘ಸ್ವೀಕರಿಸಿದೆ’, ‘ನಕಲು’, ಚೇರಮನ್ನರ ಗುಂಡು ಮುದ್ರೆ, ಎಲ್ಲವನ್ನೂ ಕೈಯಲ್ಲೇ ಕೊರೆಯುತ್ತಿದ್ದ. ಅವನ ಮಗ್ಗುಲಲ್ಲಿ ಕೂತು ಅಕ್ಷರಗಳನ್ನು ತಿರುವುಮುರುವಾಗಿ ಕೊರೆಯುವುದನ್ನು ನಾನೂ ಕಲಿತೆ. ಮದುವೆಯಾಗಿ ಹೊರಟಾಗ ಅವನ ಹಳೆಯ ಚಾಕು, ಮಸಿಯ ಪ್ಯಾಡು, ಒಂದಿಷ್ಟು ರಬ್ಬರು ತುಂಬಿ ಬಿಸ್ಕತ್ತಿನ ಡಬ್ಬಿ ಕೊಟ್ಟ. ಮದುಮಗಳಿಗೆ ಯಾರಾದರೂ ಚಾಕು ಕೊಡುತ್ತಾರೇನು ಎಂದು ಅವ್ವ ತಕರಾರು ತೆಗೆದಳು. ಅಪ್ಪ ಕೇಳಲಿಲ್ಲ.

ಹೊಗೆ ತಿಂದ ಪತ್ರಿಕೆಗಳ ಬೆನ್ನಿಗೆ ಚಿತ್ರ ಕೊರೆದು ಒತ್ತುತ್ತ ಕಾರ್ಡು ಮಾಡತೊಡಗಿದೆ, ಆ ರಬ್ಬರು ಒಂದೆರಡು ಚೂರು ಬಿಟ್ಟು ಬೇಗ ಮುಗಿಯಿತು. ಸವೆದು ಬಿಸಾಕಿದ ಹವಾಯಿ ಚಪ್ಪಲಿಯ ಅಟ್ಟೆ ಕೊರೆಯಲು ಇನ್ನೂ ಹದ ಎಂದು ಆಮೇಲೆ ಗೊತ್ತಾಯಿತು. ಸಿಮೆಂಟು ಚೀಲದ ಕಂದು ಕಾಗದ, ಹಳೆಯ ಲಗ್ನಪತ್ರಿಕೆ, ಅಗರಬತ್ತಿಯ ಡಬ್ಬಿ, ಗೋಣಿಚೀಲದ ದಾರ, ಲೈನಿನಲ್ಲಿ ಯಾರು ಏನು ಎಸೆಯಹೋದರೂ ನನ್ನ ಬಾಗಿಲಿಗೆ ತಂದಿಡುತ್ತಿದ್ದರು. ತಿಥಿಯ ಕಾರ್ಡುಗಳನ್ನು ಮಾತ್ರ ಸರೋಜಕ್ಕ ಆರಿಸಿ ಒಲೆಗೆ ಹಾಕಿಬಿಡುತ್ತಿದ್ದಳು. ನಮ್ಮ ಅವ್ವನೂ ಹಾಗೇ ಮಾಡುತ್ತಿದ್ದಳು. ಅದೊಂದರಲ್ಲಿ ಎರಡೂ ಊರು ಒಂದೇ ಎಂದು ಸಮಾಧಾನವಾಯಿತು. ಹೊಸ ವರ್ಷಕ್ಕೆ ಲೈನಿನ ಮಕ್ಕಳು ಟೀಚರಿಗೆ ಕೊಡಲು ಕಾರ್ಡು ಮಾಡಿಕೊಟ್ಟೆ. ದೇವರ ಚಿತ್ರ ಕೇಳಿದವರಿಗೆ ಮಾತ್ರ ಅಪ್ಪನ ರಬ್ಬರಿನ ಚೂರೇ. ಚಪ್ಪಲಿಯ ಗಣಪತಿಯನ್ನು ನಾನು ಒತ್ತುವವಳಲ್ಲ.

ಚಿಕ್ಕಮಗಳೂರಿನ ಒಂದು ಫ್ಯಾನ್ಸಿ ಅಂಗಡಿಗೂ ಕಾರ್ಡು ಒಯ್ದೆ. ಅಂಗಡಿಯವನು ಮೂಸಿ ನೋಡಿ, “ಎಂತದಿದು, ಹೊಗೆ ವಾಸ್ನೆ? ಸ್ವಲ್ಪ ಸೆಂಟ್ ಹೊಡ್ಕೊಂಡು ಬನ್ನಿ,” ಎಂದ. “ಬ್ಯಾಡಾದ್ರ ವಾಪಸ್ ಕೊಡ್ರಿ. ಸೆಂಟು ಹೊಡಿಯೂದಿಲ್ಲ,” ಎಂದೆ. ಗೊಣಗುತ್ತಲೇ ಇಟ್ಟುಕೊಂಡ. ಮುಂದಿನ ಸಲ ಹೋದಾಗ ಎಲ್ಲವೂ ಹೋಗಿದ್ದವು, ಅವನು ವಾಸನೆಯ ಮಾತೆತ್ತಲಿಲ್ಲ.

ಆದರೆ ನಾನು ನಿಮಗೆ ಹೇಳಬೇಕೆಂದಿದ್ದು ಕಾರ್ಡಿನ ವಿಷಯವಲ್ಲ, ಚೀಟಿಯದು.

ಚಳಿಗಾಲದಲ್ಲಿ ಹಣ್ಣು ಕುಯ್ಯುವ ಕಾಲ. ಯಾರು ಎಷ್ಟು ಕುಯ್ದರೋ ಆ ತೂಕಕ್ಕೆ ಅವರ ಕೂಲಿ. ಸಂಜೆ ಕಣದಲ್ಲಿ, ಎಂದರೆ ಕಾಫಿ ಒಣಗಿಸುವ ಅಂಗಳದಲ್ಲಿ, ಹೆಸರಿನ ಚೀಟಿ ಕಟ್ಟಿದ ಚೀಲಗಳನ್ನು ಸಾಲಾಗಿ ಇಡುತ್ತಾರೆ. ಆಳುಗಳ ಮೇಲ್ವಿಚಾರಕ ಮೇಸ್ತ್ರಿ ಚೀಟಿ ನೋಡಿ ಹೆಸರು ಕೂಗಬೇಕು, ರೈಟರ್ ತೂಕ ಬರೆದುಕೊಳ್ಳಬೇಕು. ಇಬ್ಬನಿಗೆ, ಹಣ್ಣಿನ ರಸಕ್ಕೆ ಚೀಟಿಯ ಹೆಸರು ಅಳಿಸಿಹೋಗಿ ದಿನಾ ಜಗಳ. ಬಹಳ ಜನಕ್ಕೆ ಓದು ಬಾರದ್ದರಿಂದ ತಮ್ಮ ಚೀಟಿ ತಮಗೇ ಗುರುತು ಸಿಗುತ್ತಿರಲಿಲ್ಲ. ನೋಡಿ ನೋಡಿ ತಡೆಯಲಾರದೆ ಒಂದು ದಿನ ಹೇಳಿದೆ, ‘ಒಬ್ಬೊಬ್ಬರು ಒಂದೊಂದು ಚಿತ್ರ ಹೇಳ್ರಿ, ಕೊರದು ಕೊಡತೀನಿ.’

ಆ ಮಧ್ಯಾಹ್ನ ನನ್ನ ಮನೆಯಲ್ಲಿ ಆದ ನಗು ಈಗಲೂ ನೆನಪಿದೆ. ಒಬ್ಬಳು ಹುಂಜ ಎಂದಳು, ಒಬ್ಬಳು ಛತ್ರಿ. ತನ್ನ ಚೀಲವನ್ನು ಯಾರೂ ಮುಟ್ಟಬಾರದೆಂದು ಇನ್ನೊಬ್ಬಳು ಬೀಗ ಬರೆಸಿಕೊಂಡಳು. ಸರೋಜಕ್ಕ ಯೋಚಿಸಿ ಯೋಚಿಸಿ ಹೇಳಿದಳು, “ನಂಗೆ ಬಾಚಣಿಗೆ ಹಾಕು ಮಾರಾಯ್ತಿ. ಬೆಳಗಾಗೋ ಮೊದ್ಲೇ ಓಡೋಳಿಗೆ ತಲೆ ಬಾಚ್ಕೊಳ್ಳಕ್ಕೆ ಪುರ್ಸೊತ್ತಿಲ್ಲ. ಚೀಟಿಲಾದ್ರೂ ಇರ್ಲಿ.” ಸಿಮೆಂಟು ಚೀಲದ ಕಾಗದವನ್ನು ಎರಡು ಪದರ ಅಂಟಿಸಿ, ಮುದ್ರೆ ಒತ್ತಿ, ಹೊಗೆಯಲ್ಲಿ ಒಣಗಿಸಿ, ಮೇಲೆ ಮೇಣದಬತ್ತಿ ಉಜ್ಜಿದೆ. ನೀರು ಬಿದ್ದರೂ ಜಾರಿಹೋಗುತ್ತಿತ್ತು. ಅಂದಿನಿಂದ ಮೇಸ್ತ್ರಿ ಚಿತ್ರ ನೋಡಿಯೇ ಹೆಸರು ಕೂಗತೊಡಗಿದ. ಹೀಗೆ ಎಷ್ಟೋ ವರ್ಷ ನಡೆಯಿತು. ಲೈನಿನಲ್ಲಿ ನಾನು ‘ಗದಗದವ್ಳು’ ಹೋಗಿ ಶಾಂತಕ್ಕ ಆದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಇಲ್ಲೆಲ್ಲ ಹೋಮ್‌ಸ್ಟೇ ಶುರುವಾದವು. ಪೇಟೆಯವರು ದುಡ್ಡು ಕೊಟ್ಟು ಎಸ್ಟೇಟು ಮನೆಗಳಲ್ಲಿ ಎರಡು ದಿನ ಇದ್ದು ಹೋಗುತ್ತಾರೆ. ನಮ್ಮ ಧಣಿಗಳ ಸೊಸೆಯೂ ಮಾಡಿದರು. ನಾವು ಅವರನ್ನು ಚಿಕ್ಕ ಅಮ್ಮಾವ್ರು ಎನ್ನುತ್ತೇವೆ. ಕೆಟ್ಟವರಲ್ಲ, ಆದರೆ ಕಣ್ಣಿಗೆ ಬಿದ್ದದ್ದೆಲ್ಲ ತಮ್ಮದೆಂದು ತಿಳಿದು ಬೆಳೆದವರು. ಒಂದು ದಿನ ನನ್ನನ್ನು ಬಂಗಲೆಗೆ ಕರೆಸಿದರು. ಅವರ ಕೈಯಲ್ಲಿ ಸರೋಜಕ್ಕನ ಚೀಟಿಯಿತ್ತು.

“ಎಷ್ಟು ಚಂದ ಇದೆ ಇದು! ಗೆಸ್ಟ್‌ಗಳಿಗೆಲ್ಲ ಈ ಬಾಚಣಿಗೆ ತುಂಬಾ ಇಷ್ಟ ಆಗಿದೆ. ನಮ್ಮ ಕಾಫಿಪುಡಿ ಪ್ಯಾಕೆಟ್ಟಿಗೆಲ್ಲ ಇದನ್ನೇ ಕಟ್ಟೋಣ. ಕೆಳಗಡೆ ಎಸ್ಟೇಟ್ ಹೆಸರು ಹಾಕಿದ್ರಾಯ್ತು.”

“ಅದು ಚಿತ್ರ ಅಲ್ರೀ ಅಮ್ಮಾವ್ರ, ಸರೋಜಕ್ಕನ ಹೆಸರು ಅದು.”

“ಬಾಚಣಿಗೆ ಯಾರ ಹೆಸರೂ ಅಲ್ಲ ಶಾಂತಾ.”

“ಆಕಿನ್ನ ಕೇಳ್ರಿ. ನಾ ಹ್ಯಾಂಗ ಕೊಡ್ಲಿ?”

ಅವರು ಕೇಳಲಿಲ್ಲ. ನಾನೇ ಬಂದು ಹೇಳಿದೆ. ಸರೋಜಕ್ಕ ಎಲೆ ಅಡಿಕೆ ಉಗಿದು ಬಂದು ಕೂತಳು. “ಕೊಡಲ್ಲ ಅಂತ ನಾನೆಲ್ಲಿ ಹೇಳ್ದೆ? ಹಿಂದೆ ನನ್ನ ಹೆಸರೂ ಇರ್ಲಿ. ಕುಯ್ದಿದ್ದು ಯಾರು ಅಂತ ಕುಡಿಯೋರಿಗೂ ಗೊತ್ತಾಗ್ಲಿ.”

ಅದೇ ಮಾತನ್ನು ಬಂಗಲೆಗೆ ಮುಟ್ಟಿಸಿದೆ. ಹಾಗಾದರೆ ನಿಮ್ಮ ಚೀಟಿಯೇ ಬೇಡ, ಚೀಲಕ್ಕೂ ಬೇಡ ಎಂದು ಉತ್ತರ ಬಂತು. ಅವರು ಬಾಚಣಿಗೆಯ ಚೀಟಿಯನ್ನು ಬೆಂಗಳೂರಿಗೆ ಕಳಿಸಿ, ನುಣುಪು ಕಾಗದದಲ್ಲಿ ಕಟ್ಟುಕಟ್ಟು ಅಚ್ಚು ಹಾಕಿಸಿದರು. ಗಂಡ ಹೆದರಿದ. “ಮನಿ ಅವರದು, ಕೆಲಸ ಅವರದು. ಒಂದು ಚಪ್ಪಲಿ ಚೂರಿಗೆ ಯಾಕ ಇಷ್ಟು ಹಟ?” ಎಂದ. ನಾನು ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದೆ. ಒಳಗೆ ನನಗೂ ಹೆದರಿಕೆಯಿತ್ತು. ಇಲ್ಲಿಂದ ಎಬ್ಬಿಸಿದರೆ ಯಾವ ಮುಖ ಹೊತ್ತು ಗದಗಿಗೆ ಹೋಗುವುದು? ಆದರೆ ಇನ್ನೊಬ್ಬರ ಹೆಸರನ್ನು ಕೊಟ್ಟು ಉಳಿಸಿಕೊಂಡ ಮನೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ.

ಆ ವರ್ಷದ ಕುಯ್ಲು ಶುರುವಾಯಿತು. ಹಳೆಯ ಚೀಟಿಗಳು ಹರಿದುಹೋಗಿದ್ದವು, ಹೊಸವನ್ನು ನಾನು ಮಾಡಿರಲಿಲ್ಲ. ಶಿವಣ್ಣನವರಿಗೆ ಚೀಟಿ ಎಂದರೆ ಚೀಟಿ. ಬಂಗಲೆಯಲ್ಲಿ ರಾಶಿ ಬಿದ್ದಿದ್ದ ಅಚ್ಚಿನ ಚೀಟಿಗಳನ್ನೇ ತಂದು, ಹಿಂದೆ ಪೆನ್ನಿನಲ್ಲಿ ಹೆಸರು ಗೀಚಿ, ಎಲ್ಲರಿಗೂ ಹಂಚಿದರು. ಸಂಜೆಯ ಹೊತ್ತಿಗೆ ಪೆನ್ನಿನ ಶಾಯಿ ಹಣ್ಣಿನ ರಸದಲ್ಲಿ ತೊಳೆದುಹೋಗಿತ್ತು. ಉಳಿದದ್ದು ಬಾಚಣಿಗೆ ಒಂದೇ. ಮೇಸ್ತ್ರಿ ವರ್ಷಗಳ ರೂಢಿಯಲ್ಲಿ ಕೂಗಿದ, “ಸರೋಜಾ!” ಪಕ್ಕದ ಚೀಲ. “ಸರೋಜಾ!” ಅದರ ಪಕ್ಕದ್ದು. “ಸರೋಜಾ!” ಶಿವಣ್ಣನವರು ತಲೆಯೆತ್ತದೆ ಬರೆದುಕೊಂಡರು.

ಮೊದಲು ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. “ಇವತ್ತು ಇಡೀ ಎಸ್ಟೇಟೇ ನಂದಾ? ನಂಗೇನು ಬೇಜಾರಿಲ್ಲ, ಬರ್ಕೊಳ್ಳಿ,” ಎಂದಳು ಸರೋಜಕ್ಕ. ಆಮೇಲೆ ನಗು ನಿಂತಿತು. ಇಡೀ ದಿನ ಗಿಡಗಿಡ ಬಗ್ಗಿಸಿ ಕುಯ್ದವರು ಅವರು. ಬೀಗದ ಹೆಂಗಸು ಮೊದಲು ಹೋಗಿ ತನ್ನ ಚೀಲದ ಮೇಲೆ ಕೂತಳು. ನೋಡುತ್ತಿದ್ದಂತೆ ಒಬ್ಬೊಬ್ಬರೇ ತಮ್ಮ ತಮ್ಮ ಚೀಲದ ಮೇಲೆ ಕೂತುಬಿಟ್ಟರು.

“ನಮ್ಮ ಗುರ್ತು ಬರೋ ತನಕ ಏಳಲ್ಲ ನಾವು.”

ಹಣ್ಣನ್ನು ಕುಯ್ದ ದಿನವೇ ಪಲ್ಪರಿಗೆ ಹಾಕಬೇಕು, ಇಲ್ಲದಿದ್ದರೆ ಹುಳಿಯುತ್ತದೆ. ಅತ್ತ ಬಸಣ್ಣ ಯಂತ್ರ ಶುರು ಮಾಡಿ ಕಾಯುತ್ತಿದ್ದ. ಬರಿದೇ ಓಡುತ್ತಿದ್ದ ಅದರ ಸದ್ದಿಗೆ ಚಿಕ್ಕ ಅಮ್ಮಾವ್ರು ಬಂದರು. ಕೂತವರನ್ನು ನೋಡಿದರು, ಚೀಟಿ ನೋಡಿದರು, ಕಡೆಗೆ ನನ್ನನ್ನು ನೋಡಿದರು.

“ಹೋಗಿ ನಿಮ್ಮ ಮುದ್ರೆ ಡಬ್ಬಿ ತನ್ನಿ.”

“ತರತೀನ್ರಿ. ಆದ್ರ ಪ್ಯಾಕೆಟ್ಟಿನ ಬಾಚಣಿಗಿ ಹಿಂದ ಸರೋಜಕ್ಕನ ಹೆಸರ ಬರಬೇಕು.”

ಅವರು ಪಲ್ಪರಿನ ಕಡೆ ತಿರುಗಿ ನೋಡಿ, “ಆಯ್ತು, ಬರ್ಲಿ. ಮೊದ್ಲು ಇದನ್ನ ಮುಗ್ಸಿ,” ಎಂದರು. ಡಬ್ಬಿ ತಂದೆ. ಕಾಗದ ಎಲ್ಲಿದೆ? ಬೆಂಗಳೂರಿನ ಚೀಟಿಗಳೇ ಇದ್ದವಲ್ಲ, ಅಲ್ಲೇ ಉಳಿದಿದ್ದ ಒಣ ಕಟ್ಟನ್ನು ಬಿಚ್ಚಿದೆ. ಬಾಚಣಿಗೆಯ ಮುಖವನ್ನು ಕೆಳಗೆ ಮಾಡಿ, ಒರಟು ಬೆನ್ನಿನ ಮೇಲೆ ಹುಂಜ ಒತ್ತಿದೆ, ಛತ್ರಿ ಒತ್ತಿದೆ, ಬೀಗ ಒತ್ತಿದೆ. ಚೀಟಿ ಕಟ್ಟಿದಂತೆಲ್ಲ ಒಬ್ಬೊಬ್ಬಳೇ ಎದ್ದಳು. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಯಾವ ಮುದ್ರೆಯನ್ನೂ ಒತ್ತಿಲ್ಲ.

ಈಗ ಆ ಪ್ಯಾಕೆಟ್ಟಿನ ಚೀಟಿಗಳ ಹಿಂದೆ ‘ಹಣ್ಣು ಕುಯ್ದವರು ಸರೋಜ’ ಎಂದಿದೆ. ಮೊದಲನೆಯದನ್ನು ಮೊಮ್ಮಗುವಿನ ಕೈಯಲ್ಲಿ ಓದಿಸಿ ಕೇಳಿದ ಸರೋಜಕ್ಕ ನನ್ನ ಕಡೆ ತಿರುಗಿ ಕೇಳಿದಳು, “ಅಲ್ಲ ಮಾರಾಯ್ತಿ, ಚೀಟಿ ಮಾಡ್ದೋಳ ಗುರ್ತೆಲ್ಲಿ?”

ಇಷ್ಟು ಜನಕ್ಕೆ ಕೊರೆದುಕೊಟ್ಟ ನನಗೆ ನನ್ನದೇ ಒಂದು ಗುರುತಿರಲಿಲ್ಲ. ಅಪ್ಪ ಕೊಟ್ಟ ರಬ್ಬರಿನ ಕೊನೆಯ ಚೂರು ತೆಗೆದು ಜೋಳದ ತೆನೆ ಕೊರೆದೆ. ಒತ್ತಿ ತೋರಿಸಿದರೆ ಸರೋಜಕ್ಕ, “ಕಾಳುಮೆಣಸು! ಸರಿಯಾಗಿದೆ, ಆದ್ರೆ ತಲೆಕೆಳಗಾಗಿದೆಯಲ್ಲ,” ಎಂದಳು. ಲೈನಿನವರೂ ಮೆಣಸು ಎಂದರು. ಬಳ್ಳಿಯಲ್ಲಿ ಮೆಣಸಿನ ಗೊಂಚಲು ಕೆಳಗೆ ಜೋತಿರುತ್ತದಂತೆ, ನಾನು ಮೇಲ್ಮುಖವಾಗಿ ನಿಲ್ಲಿಸಿದ್ದೇನಂತೆ. ಆ ಬೇಸಿಗೆಯಲ್ಲಿ ಗದಗಿಗೆ ಬಂದಾಗ ನಿಮಗೂ ತೆನೆ ಒತ್ತಿದ ಕಾರ್ಡು ಕೊಟ್ಟೆನಲ್ಲ, ನೀವು ಮೂಗು ಮುಚ್ಚಿಕೊಂಡು ಹೊಗೆ ವಾಸನೆ ಎಂದಿರಿ. ನಮ್ಮ ತಂಗಿ ತೆನೆ ನೋಡಿ, “ಯಾಕ ಇಷ್ಟು ಸಣಕಲ ಆಗೇತಿ? ಅಲ್ಲಿ ಹೋಗಿ ನಮ್ಮ ಜ್ವಾಳಾನೂ ಮರತಿ ಬಿಡು,” ಎಂದಳು.

ಕೊರೆದದ್ದನ್ನು ನಾನು ತಿದ್ದಿಲ್ಲ. ನಿಮಗಾಗಿ ದಪ್ಪ ಮಾಡುವುದಿಲ್ಲ, ಇಲ್ಲಿಯವರಿಗಾಗಿ ತಲೆಕೆಳಗು ಮಾಡುವುದಿಲ್ಲ. ಕಾರ್ಡು ಬೇಕಾದವರು ಹೊಗೆಯ ಸಮೇತ ತೆಗೆದುಕೊಳ್ಳಲಿ. ಒಬ್ಬಳೇ ಕೂತು ಒತ್ತುವಾಗ ಒಂದೊಂದು ಸಲ ನನಗೂ ಅದು ಮೆಣಸಿನ ಹಾಗೆಯೇ ಕಾಣುತ್ತದೆ. ಆಗಲೂ ನೆಟ್ಟಗೇ ಒತ್ತುತ್ತೇನೆ.